ಗಾಲಿಕುರ್ಚಿಯ ಮ್ಯಾಥ್ಯೂಸ್

2011ರಲ್ಲಿ ಬಂದ ಮಲಯಾಳಂ ಚಿತ್ರ 'ಪ್ರಣಯಂ' ನೋಡಿದ್ದೀರಾ? ಬ್ಲೆಸ್ಸಿ ನಿರ್ದೇಶನದ್ದು. ನಾನು ನೋಡಿದ್ದು ಮೊನ್ನೆ ಮೊನ್ನೆ.

ಎಷ್ಟೋ ವರ್ಷಗಳ ಹಿಂದೆ ಬೇರೆಯಾದ ಗಂಡ-ಹೆಂಡತಿ (ಅನುಪಮ್ ಖೇರ್, ಜಯಪ್ರದಾ) ಇಳಿವಯಸ್ಸಿನಲ್ಲಿ ಅಪಾರ್ಟ್‌ಮೆಂಟಿನ ಲಿಫ್ಟ್‌ನಲ್ಲಿ ಎದುರಾಗುತ್ತಾರೆ. ಆಕೆಯನ್ನು ನೋಡಿದ್ದೇ ತಡ, ಆತನಿಗೆ ಹೃದಯಾಘಾತ! ಆಸ್ಪತ್ರೆಗೆ ಸೇರಿಸುವವಳೂ ಆಕೆಯೇ. ನಿಧಾನಕ್ಕೆ ಹಳೆಯ ಸಲಿಗೆ ಚಿಗುರುತ್ತೆ. ಮಕ್ಕಳಿಗೆ ಮುಜುಗರ, ಸಿಟ್ಟು.

ಆದರೆ ಚಿತ್ರ ನಿಂತಿರೋದು ಆಕೆಯ ಈಗಿನ ಗಂಡ ಮ್ಯಾಥ್ಯೂಸ್ ಮೇಲೆ. ಫಿಲಾಸಫಿ ಮೇಷ್ಟ್ರಾಗಿದ್ದವರು, ಪಾರ್ಶ್ವವಾಯು ಬಡಿದು ಗಾಲಿಕುರ್ಚಿ ಸೇರಿದ್ದಾರೆ. ಹೆಂಡತಿಯ ಹಳೆಯ ಗಂಡನನ್ನು ನಗುತ್ತಾ ಮನೆಗೆ ಕರೆದು ಗೆಳೆಯನನ್ನಾಗಿ ಮಾಡಿಕೊಳ್ಳುತ್ತಾರೆ. ಮೋಹನ್‌ಲಾಲ್ ಕೂತಲ್ಲೇ ಕೂತು ಎಲ್ಲರನ್ನೂ ಮೀರಿಸಿಬಿಟ್ಟಿದ್ದಾರೆ.

"ಇಂಥ ಗಂಡಂದಿರು ಸಿನಿಮಾದಲ್ಲಿ ಮಾತ್ರ" ಅಂದೆ, ಪಕ್ಕದಲ್ಲಿದ್ದ ಅಮ್ಮನಿಗೆ. ಹಾಸಿಗೆ ಹಿಡಿದ ಅಪ್ಪನನ್ನು ನಾಲ್ಕು ವರ್ಷ ನೋಡಿಕೊಂಡವಳು ಅವಳು. ಟೀವಿಯಿಂದ ಕಣ್ಣು ಕೀಳದೇ ಹೇಳಿದಳು:

"ದಿನಾ ಸಂಜೆ ನಿಮ್ಮಪ್ಪ ನನ್ನನ್ನ ಹೊರಗೆ ಕಳಿಸ್ತಿದ್ರು. ಹೋಗು, ಯಾರ ಹತ್ರನಾದ್ರೂ ಒಂದಿಷ್ಟು ನಕ್ಕು ಬಾ, ಅಂತ."

ನಾನು ಮತ್ತೆ ಮಾತಾಡಲಿಲ್ಲ.

ಸಿನಿಮಾದ ಕೊನೆ ಹೇಳಲ್ಲ. ನೋಡಿಬಿಡಿ, ಸಾಧ್ಯವಾದರೆ ಮನೆಯ ಹಿರಿಯರ ಜೊತೆ...