ಅಜ್ಜಿಯ ನೆನಪು ಮತ್ತು ಒಂದು ಸ್ವಿಚ್ಚು

ಮೊನ್ನೆ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ‘ಈ ಪ್ರಾಜೆಕ್ಟೊಂದು ಮುಗೀಲಿ’ ಅಂತ ಎರಡು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಅಜ್ಜಿ ನನ್ನ ಮುಖ ನೋಡಿ, “ಯಾರಪಾ ನೀ? ಯಾರ ಪೈಕಿ?” ಅಂದಳು. ಹೇಳಿದೆ. ಚಹಾ ಕುಡಿದು ಮುಗಿಸೋದರೊಳಗೆ ಇನ್ನೆರಡು ಸಲ ಕೇಳಿದಳು. ಆದರೆ ಮುಂಡರಗಿಯ ತವರುಮನೆಯ ಮಾತು ತೆಗೆದರೆ ಸಾಕು, ಹಿತ್ತಲಿನ ಬಾವಿ, ಎತ್ತುಗಳ ಹೆಸರು, ಎಲ್ಲಾ ಹೇಳ್ತಾಳೆ! ಅರವತ್ತು ವರ್ಷದ ಹಿಂದಿನದು ಗಟ್ಟಿ, ಐದು ನಿಮಿಷದ ಹಿಂದಿನದು ಇಲ್ಲ.

ಗದಗಿನಿಂದ ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ನಿದ್ದೆ ಬರಲಿಲ್ಲ. ಹಿಂದೆಂದೋ ಓದಿದ್ದು ನೆನಪಾಯಿತು. ಡಿಎನ್‌ಎ ಖ್ಯಾತಿಯ ಫ್ರಾನ್ಸಿಸ್ ಕ್ರಿಕ್ 1984ರಲ್ಲಿ ಒಂದು ಪ್ರಶ್ನೆ ಎತ್ತಿದ್ದರು. ಮಿದುಳಿನ ಹೆಚ್ಚಿನ ಪ್ರೋಟೀನುಗಳು ಕೆಲವು ದಿನ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಸವೆದು, ಆ ಜಾಗಕ್ಕೆ ಹೊಸವು ಬರುತ್ತವೆ. ಇಟ್ಟಿಗೆಗಳೇ ಬದಲಾಗುತ್ತಿರುವ ಗೋಡೆಯ ಮೇಲಿನ ಬರಹ ಉಳಿಯೋದು ಹೇಗೆ?

ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಒಬ್ಬರು ಉಪಿಂದರ್ ಸಿಂಗ್ ಭಲ್ಲಾ. ಕೇಂಬ್ರಿಡ್ಜ್, ಕ್ಯಾಲ್‌ಟೆಕ್‌ಗಳಲ್ಲಿ ಓದಿ, 1996ರಲ್ಲಿ ಬೆಂಗಳೂರಿನ ಎನ್‌ಸಿಬಿಎಸ್ ಸೇರಿದರು. ಜೀವಕೋಶದೊಳಗಿನ ಅಣುಗಳ ರಾಸಾಯನಿಕ ಕ್ರಿಯೆಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದರು. 1999ರಲ್ಲಿ ರವಿ ಅಯ್ಯಂಗಾರ್ ಜೊತೆ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದು ಇದು: ಕೆಲವು ಅಣುಗಳು ಸುತ್ತುಬಳಸಿ ಒಂದನ್ನೊಂದು ಎಬ್ಬಿಸುತ್ತವೆ. ಸಂಕೇತ ಚಿಕ್ಕದಾದರೆ ಎಲ್ಲ ಮತ್ತೆ ತಣ್ಣಗಾಗುತ್ತದೆ. ಸಾಕಷ್ಟು ಜೋರಾಗಿ, ಸಾಕಷ್ಟು ಹೊತ್ತು ಬಂದರೆ ಮಾತ್ರ, ಸಂಕೇತ ನಿಂತ ಮೇಲೂ ಸ್ವಿಚ್ಚು ಆನ್ ಆಗೇ ಇರುತ್ತದೆ.

ಅರೆ, ಇದು ನಾವು ಇಂಜಿನಿಯರಿಂಗ್ ಲ್ಯಾಬಿನಲ್ಲಿ ಮಾಡಿದ ಫ್ಲಿಪ್-ಫ್ಲಾಪ್! ಎರಡು ಗೇಟುಗಳು ಒಂದಕ್ಕೊಂದು ಹೇಳಿಕೊಡುತ್ತಾ ಒಂದು ಬಿಟ್ ನೆನಪಿಟ್ಟುಕೊಳ್ಳುತ್ತವಲ್ಲ, ಹಾಗೇ. ಹಳೆಯ ಅಣು ಸವೆಯುವ ಮೊದಲು ಹೊಸದಕ್ಕೆ ಹೇಳಿಕೊಟ್ಟು ಹೋಗುತ್ತದೆ. ಅಣು ಉಳಿಯಬೇಕಿಲ್ಲ, ಸ್ಥಿತಿ ಉಳಿದರಾಯಿತು. ಇಂಥ ಕೆಲಸಕ್ಕೆಂದು ಅವರ ತಂಡ ಕಟ್ಟಿದ ‘ಮೂಸ್’ ಎಂಬ ಸಿಮ್ಯುಲೇಟರ್ ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ. 2017ರಲ್ಲಿ ಭಲ್ಲಾ ಅವರಿಗೆ ಇನ್ಫೋಸಿಸ್ ಪ್ರಶಸ್ತಿಯೂ ಬಂತು.

ನೆನಪೆಂದರೆ ಇಷ್ಟೇ ಅಲ್ಲ, ಗೊತ್ತು. ಇದರಿಂದ ಅಜ್ಜಿಗೆ ಗುಳಿಗೆಯೇನೂ ಸಿಗುವುದಿಲ್ಲ. ಆದರೆ ‘ಸಾಕಷ್ಟು ಹೊತ್ತು’ ಎಂಬ ಮಾತು ಮಾತ್ರ ಹುಬ್ಬಳ್ಳಿ ದಾಟಿದರೂ ಬಿಡಲಿಲ್ಲ. ನಾನು ಇದ್ದದ್ದು ಒಂದು ಮಧ್ಯಾಹ್ನ!

ಮುಂದಿನ ತಿಂಗಳು ಎಂಟು ದಿನ ರಜೆ ಕೇಳಿದ್ದೇನೆ. ನನ್ನ ಹೆಸರು ಅವಳಲ್ಲಿ ಕೂರುತ್ತೋ ಇಲ್ವೋ... ಆ ಎತ್ತುಗಳ ಹೆಸರನ್ನಾದರೂ ನಾನು ಬರೆದಿಟ್ಟುಕೊಳ್ಳಬೇಕು.