ಚಿಕ್ಕಜ್ಜನ ತಿಥಿ

ನಮ್ಮ ಮನೆಯ ಚಾವಡಿಯಲ್ಲಿ ಒಂದು ಭಾವಚಿತ್ರ ದೇವರ ಪಟಗಳ ಸಾಲಿಗೂ ಸೇರದೆ, ತೀರಿಹೋದ ಹಿರಿಯರ ಸಾಲಿಗೂ ಸೇರದೆ ಬಾಗಿಲ ಮೇಲೆ ಒಂಟಿಯಾಗಿತ್ತು. ವಾಯುಪಡೆಯ ಟೊಪ್ಪಿ ಧರಿಸಿದ ತರುಣ. ಅಜ್ಜನ ತಮ್ಮ, ನಮಗೆ ಚಿಕ್ಕಜ್ಜ. ಅದಕ್ಕೆ ಮಾಲೆ ಹಾಕಲು ಮುತ್ತಜ್ಜಿ ಬಿಡುತ್ತಿರಲಿಲ್ಲ.

ಮಂಗಳೂರಿನಲ್ಲಿ ಓದು ಮುಗಿಸಿ ಪಡೆಗೆ ಸೇರಿದವರು ಅವರು. 1943ರ ಡಿಸೆಂಬರಿನಿಂದ ಭಾರತೀಯ ವಾಯುಪಡೆಯ 8ನೇ ಸ್ಕ್ವಾಡ್ರನ್ ಬರ್ಮಾದ ಅರಾಕಾನ್ ರಂಗದಲ್ಲಿ ಜಪಾನೀಯರ ಮೇಲೆ ಬಾಂಬು ಹಾಕುತ್ತಿತ್ತು. ವಿಮಾನದ ಹೆಸರು ವೆಂಜೆನ್ಸ್, ಅಮೆರಿಕದಲ್ಲಿ ತಯಾರಾದದ್ದು. ಅದರಲ್ಲಿ ಇಬ್ಬರೇ. ಮುಂದೆ ಪೈಲಟ್, ಹಿಂದೆ ಬಾಲದ ಕಡೆಗೆ ಮೆಶಿನ್ ಗನ್ ತಿರುಗಿಸಿ ಕುಳಿತ ಚಿಕ್ಕಜ್ಜ. ಗುರಿಯ ಮೇಲೆ ಹೆಚ್ಚುಕಡಿಮೆ ನೆಟ್ಟಗೆ ಕೆಳಕ್ಕೆ ಧುಮುಕುವ ವಿಮಾನ ಅದು. ಏರಿ ಬರುವ ನೆಲ ಪೈಲಟ್‌ಗೆ ಕಾಣುತ್ತದೆ. ಹಿಂದೆ ಮುಖ ಮಾಡಿದವನಿಗೆ ಕಾಣುವುದು ಆಕಾಶ. ಇದನ್ನು ಓದಿ ತಿಳಿದ ದಿನ ನನಗೆ ಊಟ ಸೇರಲಿಲ್ಲ.

1944ರ ಬೇಸಿಗೆಯಲ್ಲಿ ತಂತಿ ಬಂತು. ಇಂಗ್ಲಿಷ್ ಬಲ್ಲ ಪೋಸ್ಟ್ ಮಾಸ್ತರರು ಓದಿ, 'ಕಾಣೆಯಾಗಿದ್ದಾರೆ' ಎಂದರಂತೆ. ಮುತ್ತಜ್ಜಿ ಆ ಮಾತನ್ನೇ ಹಿಡಿದುಕೊಂಡರು. ಕಾಣೆಯಾದ ದನ ಹಟ್ಟಿಗೆ ಬರುವುದಿಲ್ಲವೇ? ಕೆಲವು ತಿಂಗಳ ಬಳಿಕ, ಮೃತರೆಂದು ಭಾವಿಸಲಾಗಿದೆ ಎಂಬ ಕಾಗದವೂ ಬಂತು. "ಭಾವಿಸಿದ್ದು ಅವರು, ನಾನಲ್ಲ" ಎಂದುಬಿಟ್ಟರು.

ಹನ್ನೆರಡು ವರ್ಷ ಕಾದು ದರ್ಭೆಯ ಪ್ರತಿಮೆ ಮಾಡಿ ದಹಿಸಬಹುದೆಂದು ಶಾಸ್ತ್ರ. 1956ರಲ್ಲಿ ಪುರೋಹಿತರು ನೆನಪಿಸಿದಾಗ ಮುತ್ತಜ್ಜಿ ಎದ್ದು ಒಳಗೆ ಹೋದರು. ಅದೇ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಊರೆಲ್ಲ ಶಾಲೆ, ಕಚೇರಿ, ಭಾಷೆಯ ಚಿಂತೆಯಲ್ಲಿದ್ದರೆ ಅವರ ಪ್ರಶ್ನೆ ಒಂದೇ: "ಅವ ಹೋದದ್ದು ದಕ್ಷಿಣ ಕನ್ನಡದಿಂದ. ಇನ್ನು ಕಾಗದ ಬರೆದರೆ ಯಾವ ವಿಳಾಸಕ್ಕೆ ಬರೆಯುತ್ತಾನೆ?" ಅಜ್ಜನಲ್ಲಿ ಉತ್ತರವಿರಲಿಲ್ಲ.

ಮುತ್ತಜ್ಜಿ ಹೋದ ಮೇಲೆ, 1963ರಲ್ಲಿ, ಅಜ್ಜ ಆ ದರ್ಭೆಯನ್ನು ಸುಟ್ಟರು. ಪಟಕ್ಕೆ ಮಾಲೆ ಬಿತ್ತು.

ಸಮಾಧಿಯಿಲ್ಲದ ವಾಯುಪಡೆಯವರ ಹೆಸರುಗಳು ಸಿಂಗಾಪುರದ ಕ್ರಾಂಜಿ ಸ್ಮಾರಕದಲ್ಲಿವೆ. ಒಟ್ಟು 24,000ಕ್ಕೂ ಮಿಕ್ಕಿ ಹೆಸರುಗಳು. ಅಲ್ಲಿ ಕೆಲಸಕ್ಕಿರುವ ನನ್ನ ಮಗ ಹೋಗಿ ಹುಡುಕಿ ಚಿತ್ರ ತೆಗೆದು ಕಳುಹಿಸಿದ. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮನೆತನದ ಹೆಸರು ಸ್ವಲ್ಪ ತಪ್ಪಾಗಿದೆ. ಇರಲಿ.

ಮಹಾಲಯ ಪಕ್ಷದ ಚತುರ್ದಶಿ ಶಸ್ತ್ರದಿಂದ ಮಡಿದವರ ದಿನ. ಈಗ ನಾನೇ ತರ್ಪಣ ಬಿಡುತ್ತೇನೆ. ಚಿಕ್ಕಜ್ಜನಿಗೆ ಬಿಟ್ಟ ಮೇಲೆ ಇನ್ನೊಂದು ಬೊಗಸೆ ಎಳ್ಳುನೀರು, ಮುಂದಿನ ಸೀಟಿನಲ್ಲಿದ್ದವನಿಗೆ. ಹೆಸರು, ಗೋತ್ರ ಕೇಳಿದರು ಭಟ್ಟರು. ಚಿಕ್ಕಜ್ಜನ ಜೊತೆಗಿದ್ದವರು ಎಂದೆ.