ಅರ್ಧ ಲೋಟ ಟೀ

2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಬಂತಲ್ಲ, ಆಗ ನಮ್ಮ ಅತ್ತಿಗೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದರು. ಪ್ಯಾಕೆಟ್ ಸಿಗದೇ ಹೋದರೆ ಅಣ್ಣ ಕುಡಿತ ಬಿಡುತ್ತಾನೆ ಅನ್ನುವ ಆಸೆ. ಅಣ್ಣ ಬಿಡಲಿಲ್ಲ. ವಿಸ್ಕಿ ಕ್ವಾರ್ಟರಿಗೆ ತಿರುಗಿಕೊಂಡ, ಸಂಬಳ ಮೊದಲಿಗಿಂತ ಬೇಗ ಕರಗತೊಡಗಿತು. ಪೀಣ್ಯದ ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಂತು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗದಂತೆ ಕಬ್ಬಿಣ ಕಡೆಯುತ್ತಿದ್ದ ಕೈ ಅದು. ಬೆಳಿಗ್ಗೆ ಒಂದು ಗುಟುಕು ಒಳಗೆ ಹೋಗದಿದ್ದರೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗದಷ್ಟು ನಡುಗುತ್ತಿತ್ತು.

ಬುದ್ಧಿ ಹೇಳದವರೇ ಇರಲಿಲ್ಲ. ಅಮ್ಮ ಅತ್ತರು, ಸೋದರಮಾವ ಬೈದರು, ಮಕ್ಕಳ ತಲೆ ಮುಟ್ಟಿಸಿ ಆಣೆ ಹಾಕಿಸಿದ್ದೂ ಆಯಿತು. ಒಂದು ಸಲ ರೋಷ ಬಂದು ತಾನೇ ಥಟ್ಟನೆ ನಿಲ್ಲಿಸಿದ. ಎರಡನೇ ದಿನ ಫಿಟ್ಸ್ ಬಂದು ಬಚ್ಚಲಲ್ಲಿ ಬಿದ್ದ. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದನ್ನು ಪ್ರತಿ ಮನೆಗೂ ಹೋಗಿ ಹೇಳಬೇಕು ಅನ್ನಿಸುತ್ತದೆ: ವರ್ಷಗಟ್ಟಲೆ ದಿನಾ ಕುಡಿದವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು, ಜೀವವೇ ಹೋಗಬಹುದು. ಔಷಧಿ ಕೊಟ್ಟು, ಪಕ್ಕದಲ್ಲಿದ್ದು ನೋಡಿಕೊಂಡೇ ಬಿಡಿಸಬೇಕು.

ಡಿಸ್ಚಾರ್ಜ್ ಆಗುವಾಗ ಅಲ್ಲಿನ ಕೌನ್ಸೆಲರ್ ಒಂದು ಚೀಟಿ ಕೊಟ್ಟರು. ಆಲ್ಕೊಹಾಲಿಕ್ಸ್ ಅನಾನಿಮಸ್ ಮೀಟಿಂಗ್, ಸಂಜೆ ಏಳಕ್ಕೆ. ವಿಳಾಸ ಚರ್ಚಿನ ಹಿಂದಿನ ಒಂದು ಶಾಲೆ. ಬೋರ್ಡೇನೂ ಇರಲಿಲ್ಲ. ಕಾಂಪೌಂಡ್ ಸುತ್ತ ಸುತ್ತಿದೆವು. ಬೇಕರಿಯವರನ್ನು ಕೇಳೋಣವೆಂದರೆ ಏನಂತ ಕೇಳುವುದು? ಅಣ್ಣ ತಲೆ ತಗ್ಗಿಸಿ ಮರದ ನೆರಳಿಗೆ ಸರಿದ. ಅಷ್ಟರಲ್ಲಿ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸುತ್ತಿದ್ದ ನರೆಗೂದಲಿನ ಒಬ್ಬರು ನಮ್ಮನ್ನೇ ನೋಡಿ, "ಮೀಟಿಂಗಿಗೆ ತಾನೇ? ಬನ್ನಿ, ಈ ಕಡೆ" ಅಂದರು. ಹೆಸರು ಕೇಳಲಿಲ್ಲ, ನಮ್ಮಿಬ್ಬರಲ್ಲಿ ಕುಡಿಯುವವರು ಯಾರೆಂದೂ ಕೇಳಲಿಲ್ಲ.

"ಚರ್ಚಿಗೆ ಯಾಕೋ ಕರ್ಕೊಂಡ್ ಬಂದೆ?" ಅಣ್ಣ ನನ್ನ ಕಿವಿಯಲ್ಲಿ ಗೊಣಗಿದ. ಅವರಿಗೆ ಕೇಳಿಸಿತು. "ಜಾಗ ಮಾತ್ರ ಅವರ್ದು ಸಾರ್. ಬಾಡಿಗೆ ನಾವೇ ಡಬ್ಬಿಗೆ ಹಾಕಿ ಕೊಡ್ತೀವಿ. ಜಾತಿ, ಧರ್ಮ ಇಲ್ಲಿ ಯಾರೂ ಕೇಳಲ್ಲ."

ಮಕ್ಕಳು ಕೂರುವ ಗಿಡ್ಡ ಬೆಂಚು. ಬೋರ್ಡಿನ ಮೇಲೆ ಬೆಳಗಿನ ಭಿನ್ನರಾಶಿ ಲೆಕ್ಕ ಅಳಿಸದೆ ಹಾಗೇ ಇತ್ತು. ಅದೇ ಹಿರಿಯರು ಫ್ಲಾಸ್ಕಿನಿಂದ ಎಲ್ಲರಿಗೂ ಟೀ ಬಗ್ಗಿಸುತ್ತ ಬಂದರು. ಎಲ್ಲರದ್ದೂ ತುಂಬು ಲೋಟ, ಅಣ್ಣನಿಗೆ ಮಾತ್ರ ಅರ್ಧ. ನನಗೆ ಒಳಗೇ ಚುರ್ ಅಂದಿತು. ಅಣ್ಣ ಎರಡೂ ಕೈಯಲ್ಲಿ ಲೋಟ ಹಿಡಿದ. ಟೀ ಅಂಚಿನವರೆಗೂ ಏರಿ ತುಳುಕಿತು, ಆದರೆ ಒಂದು ಹನಿಯೂ ಚೆಲ್ಲಲಿಲ್ಲ. ಅವನು ಕುಡಿದು ಮುಗಿಸಿದ ಮೇಲೆ ಅವರು ಬಂದು ಸುಮ್ಮನೆ ಇನ್ನರ್ಧ ಹಾಕಿಹೋದರು. ನಮ್ಮ ಮನೆಯಲ್ಲಿ ಅಷ್ಟು ವರ್ಷ ಅವನಿಗೆ ಕಾಫಿ ಕೊಟ್ಟಿದ್ದೇವೆ, ಚೆಲ್ಲಿದಾಗ ನೆಲ ಒರೆಸಿದ್ದೇವೆ. ಅರ್ಧ ಲೋಟ ಕೊಡಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಆ ನಡುಕ ತನ್ನ ಕೈಯಲ್ಲೇ ಕಂಡವರಿಗೆ ಮಾತ್ರ ಹೊಳೆಯುವ ವಿಷಯ ಅದು.

ಅವತ್ತಿನದು ಓಪನ್ ಮೀಟಿಂಗ್ ಆದ್ದರಿಂದ ಮನೆಯವನಾದ ನಾನೂ ಕೂರಬಹುದಿತ್ತು. ಒಬ್ಬೊಬ್ಬರೇ ಹೆಸರು ಹೇಳಿ, "ನಾನೊಬ್ಬ ಆಲ್ಕೊಹಾಲಿಕ್" ಅಂತ ಶುರುಮಾಡಿದರು. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು, ಬೇರೆಯವರ ಕಥೆ ನಾನು ಹೇಳುವುದಿಲ್ಲ. ಅಣ್ಣನದನ್ನು ಹೇಳಲು ಅವನ ಒಪ್ಪಿಗೆ ಇದೆ. ಒಬ್ಬರೂ "ನೀನು ಬಿಡು" ಅನ್ನಲಿಲ್ಲ, ತಮ್ಮತಮ್ಮ ಕಥೆ ಹೇಳಿಕೊಂಡರು ಅಷ್ಟೇ. ಕೊನೆಗೆ ಅಣ್ಣನ ಕಡೆ ನೋಡಿ, ಮಾತಾಡಲೇಬೇಕು ಅಂತೇನಿಲ್ಲ ಅಂದರು. ಅವನು ಎದ್ದು ನಿಂತು, "ಬಾಟ್ಲಿ ನೀರಿನ ಟ್ಯಾಂಕಲ್ಲಿ ಮುಳುಗಿಸಿಡ್ತೀನಿ. ನನ್ ಹೆಂಡ್ತಿಗೂ ಗೊತ್ತಿಲ್ಲ" ಅಂದ. ಸುತ್ತಲಿದ್ದವರು ತಲೆಯಾಡಿಸಿದರು. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ.

ಬಸ್ ಸ್ಟಾಪಿನವರೆಗೆ ಬಂದ ಆ ಹಿರಿಯರು ದಾರಿಯಲ್ಲಿ ಈ ಕೂಟ ಹುಟ್ಟಿದ ಕಥೆ ಹೇಳಿದರು. 1935ರ ಮೇ ತಿಂಗಳು, ಅಮೆರಿಕದ ಆ್ಯಕ್ರನ್ ಊರು. ಷೇರು ವ್ಯವಹಾರದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ನ್ಯೂಯಾರ್ಕಿನಿಂದ ಅಲ್ಲಿಗೆ ಬಂದ ಕೆಲಸ ಕೆಟ್ಟು, ಹೋಟೆಲಿನ ಬಾರ್ ಕಡೆ ಕಾಲು ಎಳೆಯತೊಡಗಿತು. ಆಗ ಅವನು ಫೋನ್ ಹಿಡಿದು ಹುಡುಕಿದ್ದು ಇನ್ನೊಬ್ಬ ಕುಡುಕನನ್ನು. ಸಿಕ್ಕವರು ಸರ್ಜನ್ ಬಾಬ್ ಸ್ಮಿತ್. ಹದಿನೈದು ನಿಮಿಷ ಅಂತ ಕೂತವರು ಗಂಟೆಗಟ್ಟಲೆ ಮಾತಾಡಿದರು. ಆ ಡಾಕ್ಟರು ಕೊನೆಯ ಸಲ ಕುಡಿದ ದಿನವೆಂದು ಜೂನ್ 10ನ್ನೇ ಸಂಘದ ಹುಟ್ಟಿದ ದಿನ ಅಂತ ಆಚರಿಸುತ್ತಾರೆ. "ಅವನು ಡಾಕ್ಟರನ್ನ ಉಳಿಸೋಕೆ ಹೋಗಿದ್ದಲ್ಲ ಸಾರ್, ತಾನು ಉಳಿಯೋಕೆ ಹೋಗಿದ್ದು. ನಿಮ್ಮಣ್ಣ ಇವತ್ತು ಬಂದಿದ್ದಕ್ಕೆ ನನ್ನ ಇವತ್ತಿನ ದಿನ ನಡೀತು" ಅಂದರು. ಉಪಚಾರಕ್ಕೆ ಅಂದ ಮಾತಲ್ಲ ಅದು.

ಆಮೇಲೆ ಅತ್ತಿಗೆಯೂ ಹೊರಟರು, ಕುಡಿಯುವವರ ಮನೆಯವರಿಗೆಂದೇ ಇರುವ ಅಲ್-ಅನಾನ್ ಕೂಟಕ್ಕೆ. ಬಿಲ್‌ನ ಹೆಂಡತಿ ಲೋಯಿಸ್ 1951ರಲ್ಲಿ ಕಟ್ಟಲು ಮುಂದಾದದ್ದು ಅದು. ಟ್ಯಾಂಕಿನಲ್ಲಿ ಬಾಟಲಿ ಹುಡುಕುವುದನ್ನು ಅತ್ತಿಗೆ ಬಿಟ್ಟಿದ್ದು ಅಲ್ಲಿಗೆ ಹೋದ ಮೇಲೆಯೇ. ಹೌದು, ಅವರಿಗೆ ಮೊದಲಿಂದಲೂ ಗೊತ್ತಿತ್ತು.

ಅಣ್ಣ ಮಧ್ಯೆ ಜಾರಿದ. ನೆಂಟರ ಮದುವೆಯೊಂದರಲ್ಲಿ ಶುರುವಾಗಿ ಹಬ್ಬದವರೆಗೂ ನಡೆಯಿತು. ಯಾವ ಮುಖ ಇಟ್ಕೊಂಡು ಹೋಗಲಿ ಅಂತ ಮನೆಯಲ್ಲೇ ಕೂತಿದ್ದವನನ್ನು ಹಿರಿಯರೇ ಫೋನ್ ಮಾಡಿ ಕರೆಸಿಕೊಂಡರು. ಕಾರಣ ಕೇಳಲಿಲ್ಲ, ಮುಂದಿನ ಮೀಟಿಂಗಿಗೆ ಬೆಂಚು ಜೋಡಿಸುವ ಕೆಲಸ ಅವನಿಗೆ ವಹಿಸಿದರು.